ತಮ್ಮನ ರಕ್ತ

ಇಲಿಗಳ ಲೋಕದಲ್ಲಿ ನನ್ನಷ್ಟು ದೊಡ್ಡ ವೈದ್ಯ ಇನ್ನೊಬ್ಬ ಹುಟ್ಟಿಲ್ಲ. ರಕ್ತದ ಕ್ಯಾನ್ಸರ್ ಬಂದ ಇಲಿಗಳನ್ನು ಎಷ್ಟು ಬದುಕಿಸಿದ್ದೇನೆಂದರೆ, ಅವಕ್ಕೆ ಓಟು ಹಾಕಲು ಬಿಟ್ಟಿದ್ದರೆ ಈ ಹೊತ್ತಿಗೆ ದೇಶವನ್ನೇ ಆಳುತ್ತಿದ್ದೆ. ಪ್ರಯೋಗಾಲಯದ ಬಾಗಿಲಲ್ಲಿ ನನ್ನ ಕೆಮ್ಮು ಕೇಳಿಸಿದರೆ ಸಾಕು, ಪಂಜರಗಳಲ್ಲಿ ಎಲ್ಲವೂ ಎದ್ದು ನಿಲ್ಲುತ್ತಿದ್ದವು. ಅಕ್ಕ ನನಗಿಟ್ಟ ಹೆಸರು ಬುರುಡೆ. ಮನೆಮಂದಿಯೆಲ್ಲ ಹಾಗೇ ಕರೆದರು, ನನ್ನ ಹೆಂಡತಿ ಕೂಡ.

ನನ್ನ ವೃತ್ತಿಜೀವನವೆಲ್ಲ ಒಂದೇ ಪ್ರಶ್ನೆಯ ಸುತ್ತ ಗಾಣದೆತ್ತಿನಂತೆ ತಿರುಗಿತು. ರೋಗಿಯ ಮೂಳೆಯೊಳಗಿನ ಕೆಟ್ಟ ಮಜ್ಜೆಯನ್ನು ಔಷಧದಿಂದ ಸುಟ್ಟು, ಒಡಹುಟ್ಟಿದವರ ಮಜ್ಜೆ ಹಾಕಿದರೆ ಹೊಸ ರಕ್ತ ಹುಟ್ಟುತ್ತದೆ. ಅದರ ಬಿಳಿ ಕಣಗಳು ಅಳಿದುಳಿದ ಕ್ಯಾನ್ಸರನ್ನು ಹುಡುಕಿ ಕೊಲ್ಲುತ್ತವೆ. ಆದರೆ ಅವು ಹೊಸ ಕಾವಲುಗಾರರಿದ್ದ ಹಾಗೆ, ಕಳ್ಳನ ಜೊತೆ ಮನೆಯವರನ್ನೂ ಹಿಡಿದು ಬಡಿಯುತ್ತವೆ. ಚರ್ಮ, ಕರುಳು, ಯಕೃತ್ತು ಯಾವುದನ್ನೂ ಬಿಡುವುದಿಲ್ಲ. ಕಳ್ಳನನ್ನಷ್ಟೇ ಹಿಡಿಯಿರಿ ಎಂದು ಅವಕ್ಕೆ ಕಲಿಸುವುದು ನನ್ನ ಕೆಲಸ. ಇಲಿಗಳಲ್ಲಿ ಕಲಿಸಿದ್ದೆ. ಮನುಷ್ಯರಲ್ಲೂ ಇನ್ನೇನು ಆಗೇಬಿಟ್ಟಿತು ಎಂದು ಸಭೆ ಸಭೆಗಳಲ್ಲಿ ಹೇಳುತ್ತ ತಲೆ ನರೆಯಿತು.

ಅಷ್ಟರಲ್ಲಿ ಅಕ್ಕನಿಗೇ ಆ ಕಾಯಿಲೆ ಬಂತು. ಔಷಧಗಳೆಲ್ಲ ಕೈಕೊಟ್ಟವು. ನನ್ನ ಮಜ್ಜೆ ಅವಳಿಗೆ ಹೊಂದುತ್ತದೆ ಎಂದು ಗೊತ್ತಾದ ದಿನ ನಾನು ಆಸ್ಪತ್ರೆಯಲ್ಲಿ ಕುಣಿದ ರಭಸಕ್ಕೆ ಕೆಳಗಿನ ಮಹಡಿಯವರು ಭೂಕಂಪವೆಂದು ಹೊರಗೋಡಿದರು. ಅವಳನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ನನ್ನ ಹಳೆಯ ಶಿಷ್ಯೆ. ಮಜ್ಜೆ ಕೊಟ್ಟು ಸುಮ್ಮನಿರಬೇಕು, ಚಿಕಿತ್ಸೆಯಲ್ಲಿ ಮೂಗು ತೂರಿಸಕೂಡದು ಎಂದು ನನಗೇ ತಾಕೀತು ಮಾಡಿದಳು. ಸೊಂಟದ ಮೂಳೆಗೆ ಹಾರೆಯಂಥ ಸೂಜಿ ಇಳಿಸಿ ಬಿಂದಿಗೆಗಟ್ಟಲೆ ತೆಗೆದರು. ಚೀಲದಿಂದ ಹನಿಯುತ್ತಿದ್ದ ಕೆಂಪನ್ನು ನೋಡಿ ಅಕ್ಕ, ಇದರಲ್ಲಿ ಅರ್ಧ ಬರೀ ಗಾಳಿ ಇರುತ್ತೆ, ಸೋಸಿ ಹಾಕಿ ಎಂದು ನರ್ಸಿಗೆ ಹೇಳಿದಳಂತೆ.

ನನ್ನ ಮಜ್ಜೆ ಬೇರುಬಿಟ್ಟಿತು. ತಿಂಗಳುಗಳು ಕಳೆದು ಅವಳ ರಕ್ತದ ಗುಂಪೂ ನನ್ನದೇ ಆಯಿತು. ಕ್ಯಾನ್ಸರ್ ಹುಡುಕಿದರೂ ಸಿಗಲಿಲ್ಲ. ಊರೆಲ್ಲ ಡಂಗುರ ಹೊಡೆದೆ.

ಒಂದು ಮಧ್ಯಾಹ್ನ ಅವಳ ಮನೆಗೆ ಹೋದಾಗ ಕೈಗಳನ್ನು ಹೊದಿಕೆಯೊಳಗೆ ಇಟ್ಟುಕೊಂಡೇ ಮಾತಾಡಿಸಿದಳು.

"ಲೋ ಬುರುಡೆ, ನಿನ್ನ ರಕ್ತ ಬಂದಾಗಿಂದ ನಂಗೂ ಸುಳ್ಳು ಹೇಳೋ ಚಟ ಅಂಟ್ಕೊಂಡಿದೆ ಕಣೋ. ಬೆಳಗ್ಗೆ ನಿಮ್ಮ ಭಾವಂಗೆ ಏನೂ ಇಲ್ಲ, ಆರಾಮಾಗಿದೀನಿ ಅಂದೆ."

ಹೊದಿಕೆ ಸರಿಸಿದೆ. ಎರಡೂ ಅಂಗೈ ಕುದಿನೀರು ಬಿದ್ದ ಹಾಗೆ ಕೆಂಪಾಗಿದ್ದವು. ಹೊಸ ರಕ್ತ ಮನೆಯವರ ಮೇಲೆ ತಿರುಗಿಬಿದ್ದರೆ ಮೊದಲು ಅಂಗೈ ಕೆಂಪಾಗುತ್ತದೆ, ಅಲ್ಲೇ ಹಿಡಿಯಬೇಕು ಎಂದು ಎಷ್ಟೋ ಡಾಕ್ಟರುಗಳಿಗೆ ಪಾಠ ಹೇಳಿದವನು ನಾನು. ಅವಳನ್ನು ಆಸ್ಪತ್ರೆಗೆ ಒಯ್ಯಲು ಕಾರಿನ ಬೀಗದ ಕೈ ಎಷ್ಟು ಹುಡುಕಿದರೂ ಸಿಗಲಿಲ್ಲ. ಅದು ನನ್ನ ಮುಷ್ಟಿಯಲ್ಲೇ ಇತ್ತು.

ಡಾಕ್ಟರಮ್ಮ ಯಾವುದನ್ನೂ ಬಾಕಿ ಇಡಲಿಲ್ಲ. ಅನುಮತಿ ತರಿಸಿ ನನ್ನ ಪ್ರಯೋಗಾಲಯದ ಔಷಧವನ್ನೂ ಕೊಟ್ಟಳು. ಇಲಿಗಳನ್ನು ಬದುಕಿಸಿದ ಆ ಮಹಾ ಔಷಧ ಅಕ್ಕನ ಮೈಯಲ್ಲಿ ಬರೀ ನೀರಾಯಿತು. ಆ ಕೆಂಪು ಅಂಗೈಯಿಂದ ಮೈಗೆ, ಮೈಯಿಂದ ಕರುಳಿಗೆ ಹಬ್ಬಿತು. ಗುಟುಕು ನೀರೂ ಒಳಗೆ ನಿಲ್ಲದಂತಾಯಿತು.

"ಇದೆಲ್ಲ ಮಾಡ್ತಿರೋದು ನಿನ್ನ ಕಣಗಳೇನೋ?" ಎಂದು ಅಕ್ಕ ಕೇಳಿದಳು.

ಕಡ್ಡಿಯನ್ನು ಗುಡ್ಡ ಮಾಡುವವನು ನಾನು. "ಸ್ವಲ್ಪ," ಎಂದೆ.

"ಅವಕ್ಕೆ ನಾನು ನಿನ್ನ ಅಕ್ಕ ಅಂತ ಹೇಳೋಕಾಗಲ್ವೇನೋ?"

"ಓದು ಮುಗಿದಾಗಿಂದ ಅದನ್ನೇ ಹೇಳ್ತಾ ಇದೀನಿ ಅಕ್ಕ. ನನ್ನ ಮಾತೇ ಕೇಳ್ತಿಲ್ಲ."

"ನಿನ್ನ ಮಾತು ಯಾರು ನಂಬ್ತಾರೆ ಬಿಡು."

ನಗಲು ಹೋದಳು. ತುಟಿ ಒಡೆದು ರಕ್ತ ಬಂತು. ಒರೆಸಿದೆ. ಅದೂ ನನ್ನದೇ.

ಆ ವಾರವೇ ಹೋದಳು. ಡಾಕ್ಟರಮ್ಮ ಹೊರಗೆ ಬಂದು, ಕೊನೆಯವರೆಗೂ ಕ್ಯಾನ್ಸರ್ ಮರಳಲಿಲ್ಲ ಸರ್ ಎಂದಳು. ಆ ಮಾತನ್ನು ಎಷ್ಟೋ ರೋಗಿಗಳ ಮನೆಯವರಿಗೆ ನಾನೇ ಹೇಳಿದ್ದೆ. ಅವರು ಯಾಕೆ ನನ್ನ ಮುಖವನ್ನು ಹಾಗೆ ನೋಡುತ್ತಿದ್ದರೆಂದು ಈಗ ತಿಳಿಯಿತು.

ಭಾವ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದರು. ನನ್ನ ಮಣಿಕಟ್ಟು ಹಿಡಿದು, ನಾಡಿ ಸಿಗುವವರೆಗೆ ಬೆರಳಾಡಿಸಿದರು.

"ಅವಳ ಮೈಯಲ್ಲಿ ಓಡ್ತಿದ್ದಿದ್ದು ಇದೇ ಅಲ್ವೇನಪ್ಪ?"

"ಇದೇ ಭಾವ."

ಅವಳನ್ನು ತಿಂದದ್ದೂ ಇದೇ ಎಂಬುದು ಅವರಿಗೆ ಗೊತ್ತಿತ್ತು. ನಾನೇ ಬಿಡಿಸಿ ಹೇಳಿದ್ದೆ. ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ.

"ಇನ್ನೊಂಚೂರು ಹೊತ್ತು ಇರ್ಲಿ," ಎಂದರು.

ಒಳಗಿನಿಂದ ಅಕ್ಕನ ಮಂಚದ ಗಾಲಿಗಳು ಉರುಳುವ ಸದ್ದು ಹತ್ತಿರ ಬಂತು. ಅವರು ತಲೆ ಎತ್ತಲಿಲ್ಲ. ಕೈಯನ್ನು ಅವರ ಮಡಿಲಲ್ಲಿ ಹಾಗೇ ಬಿಟ್ಟೆ.