ಕೇಳಿದ್ದನ್ನು ಕೇಳಿದಂತೆ

"ಇಲ್ಲಿ ಸಹಿ ಹಾಕಮ್ಮ."

"ಏನು ಬರೆದಿದೆ, ಮೊದಲು ಅದನ್ನ ಹೇಳು."

ಮಗಳು ಕೌಂಟರಿನಾಚೆ ಕೂತ ಅಧಿಕಾರಿಯನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. "ಅವಲಂಬಿತೆ ಅಂತ. ಅಂದ್ರೆ, ನಾನು ನಿನ್ನ ಸಾಕ್ತೀನಿ ಅಂತ."

ಅಮ್ಮ ಪೆನ್ನನ್ನು ಕೆಳಗಿಟ್ಟಳು. ನಲವತ್ತು ವರ್ಷ ಊರವರ ಬಟ್ಟೆ ಹೊಲಿದು ಮನೆ ನಡೆಸಿದ ಕೈ ಅದು. "ಅದಕ್ಕೆ ನಾನು ಸಹಿ ಹಾಕಲ್ಲ."

ಹಾಕದಿದ್ದರೆ, ವೀಸಾ ಮುಗಿಯುವ ಶುಕ್ರವಾರ ಅಮ್ಮ ಊರಿಗೆ ವಾಪಸು ವಿಮಾನ ಹತ್ತಬೇಕು. ಅಲ್ಲಿ ಬಾಡಿಗೆ ಮನೆ ಬಿಟ್ಟಾಗಿದೆ, ಹೊಲಿಗೆ ಮಷಿನ್ ಮಾರಿಯಾಗಿದೆ.

ಮಗಳದು ಹೆಡ್‌ಫೋನ್ ಕೆಲಸ. ಎಲ್ಲೆಲ್ಲಿಯದೋ ಮೀಟಿಂಗುಗಳ ರೆಕಾರ್ಡಿಂಗ್ ಬರುತ್ತದೆ. ಕೇಳಿದ್ದನ್ನು ಕೇಳಿದಂತೆ ಟೈಪು ಮಾಡಬೇಕು. ಕೆಮ್ಮಿದರೆ ಕೆಮ್ಮು ಎಂದೇ ಬರೆಯಬೇಕು. ತನ್ನದೊಂದು ಪದ ಸೇರಿಸಿದರೂ ಅನ್ನಕ್ಕೆ ಕಲ್ಲು. ಎಲ್ಲಿ ಕೂತಾದರೂ ಮಾಡಬಹುದಾದ ಇಂಥ ಕೆಲಸದವರಿಗೆ ಈ ದೇಶ ಡಿಜಿಟಲ್ ನೋಮ್ಯಾಡ್ ವೀಸಾ ಕೊಡುತ್ತದೆ. "ಅಲೆಮಾರಿ ವೀಸಾನಂತೆ! ಕುರ್ಚಿ ಬಿಟ್ಟು ಏಳದವಳಿಗೆ!" ಎಂದು ಬಂದ ಹೊಸದರಲ್ಲಿ ಅಮ್ಮ ಹೊಟ್ಟೆ ಹಿಡಿದು ನಕ್ಕಿದ್ದಳು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ತನ್ನ ಭಾಷೆಯಲ್ಲಿ ಕೇಳಿದ. "ಏನು ತೊಂದರೆ? ಇವರನ್ನು ಯಾರು ನೋಡಿಕೊಳ್ಳುತ್ತಾರೆ? ಅವರೇ ಹೇಳಲಿ, ನೀವು ಅನುವಾದಿಸಿ."

ಮಗಳು ಪ್ರಶ್ನೆಯನ್ನು ಕನ್ನಡಕ್ಕೆ ತಂದಳು. ಅಮ್ಮ ಅಧಿಕಾರಿಯ ಮುಖಕ್ಕೇ ಹೇಳಿದಳು: "ಇವಳು ನನ್ನ ಸಾಕೋದಾ? ಬೆಳಗ್ಗೆ ಎಬ್ಬಿಸೋದು ನಾನು, ಬೇಯಿಸಿ ಹಾಕೋದು ನಾನು, ಕಿವಿಯಿಂದ ಆ ಬಿರಡೆ ತೆಗೆಸಿ ಊಟಕ್ಕೆ ಕೂರಿಸೋದೂ ನಾನು. ನಾನೇ ಸ್ವಾಮಿ ಇವಳನ್ನ ಸಾಕ್ತಿರೋದು!"

ಇದ್ದದ್ದು ಇದ್ದಂಗೆ ಹೇಳಿದರೆ ಫಾರಂ ವಾಪಸು. ಮಗಳು ಅಧಿಕಾರಿಯತ್ತ ತಿರುಗಿ, "'ನನ್ನನ್ನು ಸಾಕುತ್ತಿರುವುದು ಇವಳೇ' ಅನ್ನುತ್ತಿದ್ದಾರೆ ಅಮ್ಮ" ಎಂದಳು.

ಆತ ತಲೆಯಾಡಿಸಿ ಮುದ್ರೆ ಹುಡುಕತೊಡಗಿದ.

"ಉಲ್ಟಾ ಹೊಲಿದೆ ನೀನು," ಎಂದಳು ಅಮ್ಮ ಮೆಲ್ಲಗೆ.

"ಏನು?"

"ಮೂರು ತಿಂಗಳಿಂದ ತರಕಾರಿ ತರ್ತಿರೋದು ಯಾರು? ನಾನು, ನೀನು, ಅವಳು, ಅಷ್ಟು ಈ ಭಾಷೆ ನನಗೂ ಬರುತ್ತೆ. ಯಾಕೆ ತಿರುಚಿದೆ?"

"ನೀನಿಲ್ದೆ ನನಗಾಗಲ್ಲಮ್ಮ."

"ಹಾಗಾದ್ರೆ ಅವಲಂಬಿತೆ ಯಾರು?"

"ನಾನೇ. ಆದ್ರೆ ಫಾರಂನಲ್ಲಿ ಆ ಜಾಗ ಇರೋದು ನಿನಗೆ."

ಅಮ್ಮ ಪೆನ್ನು ಎತ್ತಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಹೊರಗೆ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತಾಗ ಮಗಳ ಅಂಗಿತೋಳಿನ ಗುಂಡಿ ದಾರಕ್ಕೆ ಜೋತಾಡುತ್ತಿದ್ದುದು ಅಮ್ಮನ ಕಣ್ಣಿಗೆ ಬಿತ್ತು. ಚೀಲದಿಂದ ಸೂಜಿ ತೆಗೆದಳು.

"ಕೈ ಚಾಚು. ಅಲ್ಲಾಡಬೇಡ."

ಬಸ್ಸು ಬಂತು, ಬಾಗಿಲು ತೆರೆಯಿತು, ಕಾದು ನೋಡಿ ಹೊರಟೂ ಹೋಯಿತು. ಮಗಳು ಕೈ ಚಾಚಿ ಕೂತೇ ಇದ್ದಳು. ಅಮ್ಮ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು.