ಗೂಡಿನಲ್ಲಿ ಕಿಮ್ಚಿ

“ಅಮ್ಮಿ, ಆ ಜಾಡಿ ಮುಟ್ಟಬ್ಯಾಡ!”

ಪುಷ್ಪಾಳ ಕೈ ಮುಚ್ಚಳದ ಮೇಲೆಯೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಶಿವರುದ್ರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಸೊಸೆ ಮುಟ್ಟಾಗಿರುವುದು ಅವರಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಹಿತ್ತಿಲ ತಂತಿಯ ಮೇಲಿನ ಬಟ್ಟೆ ನೋಡಿದರೆ ಅವರಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಹಾಗೆಂದು ಹನಗೋಡಿನ ಆ ಮನೆಯಲ್ಲಿ ಯಾರನ್ನೂ ಹೊರಗೆ ಕೂರಿಸುತ್ತಿರಲಿಲ್ಲ. ಮುಟ್ಟಾದವಳೇ ಮುದ್ದೆ ತಿರುವಬೇಕು, ಹಾಲು ಕರೆಯಬೇಕು, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಆಳುಗಳ ಬುತ್ತಿ ಹೊರಬೇಕು. ಉಪ್ಪಿನಕಾಯಿ ಜಾಡಿಯನ್ನು ಮಾತ್ರ ಮುಟ್ಟಬಾರದು. ಮುಟ್ಟಿದರೆ ಕೆಡುತ್ತದೆ. ದುಡಿಮೆಗೆ ಆಗುವ ಕೈ ಉಪ್ಪಿನಕಾಯಿಗೆ ಯಾಕಾಗದು ಎಂದು ಪುಷ್ಪಾ ಮದುವೆಯಾಗಿ ಬಂದಾಗಿನಿಂದ ತನ್ನೊಳಗೇ ಕೇಳಿಕೊಂಡಿದ್ದಳು. ಬಾಯಿಬಿಟ್ಟು ಕೇಳಿರಲಿಲ್ಲ.

ಗೋಡೆಯ ಗೂಡಿನಲ್ಲಿ ಎರಡು ಜಾಡಿಗಳಿದ್ದವು. ನಡುವೆ ಕೂತದ್ದು ಅತ್ತೆಯ ಮಾವಿನಕಾಯಿ. ಮೂಲೆಗೆ ಒತ್ತಿಕೊಂಡದ್ದು ಪುಷ್ಪಾಳ ಕಿಮ್ಚಿ, ಕೊರಿಯಾದವರ ಕೋಸಿನ ಉಪ್ಪಿನಕಾಯಿ. ಕೊರಿಯಾದ ಅಜ್ಜಿಯೊಬ್ಬಳು ಅದನ್ನು ಹಾಕುವುದನ್ನು ಅವಳು ಫೋನಿನಲ್ಲಿ ಮತ್ತೆ ಮತ್ತೆ ನೋಡಿದ್ದಳು. ಎಂಟನೇ ತರಗತಿಗೇ ಶಾಲೆ ಬಿಟ್ಟವಳಿಗೆ ಆ ಅಜ್ಜಿಯ ಮಾತು ಒಂದಕ್ಷರವೂ ತಿಳಿಯದಿದ್ದರೂ ಕೈ ಮಾಡುವುದೆಲ್ಲ ತಿಳಿಯುತ್ತಿತ್ತು. ಹುಣಸೂರಿನಿಂದ ಎಲೆಕೋಸು, ಮೂಲಂಗಿ ತರಿಸಿ, ಉಪ್ಪಿನಲ್ಲಿ ಬಾಡಿಸಿ ಹಿಂಡಿದಳು. ಅಕ್ಕಿಹಿಟ್ಟಿನ ಗಂಜಿಗೆ ಬ್ಯಾಡಗಿ ಖಾರದಪುಡಿ, ಬೆಳ್ಳುಳ್ಳಿ, ಶುಂಠಿ ಕಲಸಿ ಎಲೆಎಲೆಗೂ ಸವರಿದಳು. ಅಜ್ಜಿ ಹಾಕುವ ಮೀನಿನ ರಸವನ್ನು ಕೈಬಿಟ್ಟಳು. ಈ ಮನೆಯೊಳಗೆ ಮೀನಿನ ಹೆಸರೂ ಬರುವಂತಿರಲಿಲ್ಲ.

ಅದನ್ನು ಹಾಕಿದ್ದು ನಿನ್ನೆ. ಇವತ್ತು ಮುಟ್ಟು.

“ದಿನಾ ಅದುಮ್ಬೇಕು ಅತ್ತೆ. ಇಲ್ದಿದ್ರೆ ಎಲೆ ನೀರಿನ ಮ್ಯಾಲೆ ಬತ್ತದೆ, ಬೂಷ್ಟು ಇಡೀತದೆ.”

“ನೀನ್ ಮುಟ್ಟುದ್ರೂ ಬೂಷ್ಟೇಯ. ಮೂರ್ ದಿನ ಸುಮ್ಕಿರು.”

“ಮೂರ್ ದಿನ ಬುಟ್ರೆ ಇದು ಉಳಿಯಾಕಿಲ್ಲ.”

“ಓಗ್ಲಿ ಬುಡು! ಯಾವ್ದೋ ದೇಸದ ಕೊಳೆತ ಕೋಸು. ಪಕ್ಕದಲ್ಲೇ ನನ್ ಮಾವಿನ್ಕಾಯಿ ಅದೆ, ಅದ್ಕೂ ಮೈಲಿಗೆ ಅಂಟುಸ್ತೀಯಾ? ಮುಟ್ನೋಡು, ಇಡೀ ಜಾಡೀನೇ ತಿಪ್ಪೆಗೆ ಸುರೀತೀನಿ ಕಣಮ್ಮಿ.”

ಬ್ಯಾರನ್ನಿನಿಂದ ಹೊಗೆ ವಾಸನೆ ಹೊತ್ತು ಬಂದ ಗಂಡ ಬಸವಪ್ರಸಾದ್ ಒಳಗೆ ಇಣುಕಿದ. “ಏನವ್ವ ಗಲಾಟೆ?”

“ನಿನ್ನೆಂಡ್ರು ಕೊರಿಯಾದೋಳಾಗವ್ಳೆ, ನೋಡು ಬಾ.”

“ಬುಡು ಪುಷ್ಪಾ ಅತ್ಲಾಗೆ. ಅಂಗಡೀಲಿ ಉಪ್ಪಿನ್ಕಾಯಿಗೇನು ಬರವಾ?”

ಯಾವಾಗಲೂ ಮಾತು ಇಲ್ಲಿಗೆ ಮುಗಿಯುತ್ತಿತ್ತು. ಅವಳು ತಲೆ ತಗ್ಗಿಸಿ ಹಿತ್ತಿಲಿಗೆ ನಡೆಯುತ್ತಿದ್ದಳು. ಇವತ್ತು ಕಾಲು ಕದಲಲಿಲ್ಲ. ಮುಚ್ಚಳ ತೆಗೆದಳು. ಬೆಳ್ಳುಳ್ಳಿಯ ಘಾಟು, ಅದರ ಹಿಂದೆಯೇ ಎಳೆಯ ಹುಳಿ ವಾಸನೆ ಎದ್ದವು. ಬಳೆ ಮೇಲಕ್ಕೆ ಸರಿಸಿ, ಕೈಯನ್ನು ಮಣಿಕಟ್ಟಿನವರೆಗೆ ಇಳಿಸಿ ಅದುಮಿದಳು. ಕೆಂಪು ನೀರು ಎಲೆಯ ಮೇಲೇರಿ ಗುಳ್ಳೆ ಬಿಟ್ಟಿತು.

“ಸುರೀರಿ ಅತ್ತೆ.” ಇನ್ನೊಮ್ಮೆ ಅದುಮಿದಳು. “ನಾಳೆ ಇನ್ನೊಂದು ಕೋಸು ತರುಸ್ತೀನಿ. ಅದ್ನೂ ಸುರೀರಿ, ಮತ್ತೊಂದು ಆಕ್ತೀನಿ. ಬೆಳಗ್ಗೆ ಇದೇ ಕೈ ತಿರುವಿದ್ ಮುದ್ದೆ ಉಂಡ್ರಲ್ಲ, ಅದೇನು ಕೊಳೀತಾ?”

ಬಸವಪ್ರಸಾದನಿಗೆ ನಗು ಬಂತು. ತಾಯಿಯ ಮುಖ ನೋಡಿ ನುಂಗಿಕೊಂಡ.

ಶಿವರುದ್ರಮ್ಮ ಒಳಗೆ ಬಂದರು. ಪುಷ್ಪಾ ಜಾಡಿಯಿಂದ ಕೈ ತೆಗೆಯಲಿಲ್ಲ. ಅತ್ತೆ ಕೈಚಾಚಿದ್ದು ಮಾವಿನಕಾಯಿಗೆ. ಮಗುವನ್ನು ಎತ್ತಿಕೊಂಡಂತೆ ಅದನ್ನು ಎದೆಗವಚಿಕೊಂಡರು.

“ನಂದಾದ್ರೂ ಉಳೀಲಪ್ಪ ಶಿವನೆ,” ಎನ್ನುತ್ತ ತಮ್ಮ ಕೋಣೆಗೆ ಹೋದರು. ಮಂಚದ ಕೆಳಗೆ ಜಾಡಿ ಸರಿದ ಸದ್ದು ಕೇಳಿಸಿತು.

ಗೂಡಿನ ನಡುವೆ, ಆ ಜಾಡಿ ವರ್ಷಗಟ್ಟಲೆ ಕೂತಿದ್ದ ಕಡೆ, ಎಣ್ಣೆಯ ಕಲೆ ಕಪ್ಪು ಬಳೆಯಂತೆ ಉಳಿದಿತ್ತು. ಪುಷ್ಪಾ ಮುಚ್ಚಳ ಬಿಗಿದಳು. ಖಾರ ಮೆತ್ತಿದ ಕೈಯಲ್ಲೇ ತನ್ನ ಜಾಡಿಯನ್ನು ಮೂಲೆಯಿಂದ ಎಳೆದು ಆ ಬಳೆಯ ಮೇಲೆ ಕೂರಿಸಿದಳು.