ದುಂಡವ್ವ ಅತ್ತದ್ದು

"ಅಳಬೇ! ಬಾಯಾಗ ಕಡಬು ಇಟ್ಕೊಂಡೀಯೇನು? ನಿನ್ನ ಕರಿಸಿದ್ದು ಹೆಣದ ಮಾರಿ ನೋಡಾಕಲ್ಲ!"

ಸಾಹುಕಾರ ಸಂಗನಬಸವ ಬೈದದ್ದು ನನ್ನ ವಾರಗಿತ್ತಿ ದುಂಡವ್ವನಿಗೆ. ಅವನ ತಾಯಿ ಶಾರದವ್ವ ತೀರಿಕೊಂಡಿದ್ದಳು. ಮಾಲೆ ಹಾಕಿ, ಹೆಣ ಹೊರುವ ವಿಮಾನ ಕಟ್ಟಿ ಅದರಲ್ಲಿ ಕೂಡಿಸಿದ್ದರು.

ಸಾಹುಕಾರರ ಮನೆಯಲ್ಲಿ ಸಾವಾದರೆ ನಮ್ಮ ಕೇರಿಯ ಹೆಂಗಸರು ಹೋಗಿ, ಸತ್ತವರ ಬಾಳು ಹಾಡ್ಯಾಡಿಕೊಂಡು ಅಳಬೇಕು. ಗಂಡಸರು ಹಲಗೆ ಬಾರಿಸಬೇಕು. ಯಾವಾಗಲೂ ತಲಬಾಗಿಲ ಹೊರಗೇ ಅಳುತ್ತಿದ್ದೆವು. ಇವತ್ತು ಅಂಗಳದೊಳಗೆ ಕರೆದರು, ಚಾಪೆ ಹಾಸಿದರು. ನನಗೆ ಆಗಲೇ ಸಂಶಯ ಬಂತು.

ಶಾರದವ್ವನ ಸೊಸೆ ಐಶ್ವರ್ಯ ಮೊಬೈಲು ಹಿಡಿದು ಬಂದಾಗ ತಿಳಿಯಿತು. ಅವಳು ಪುಸ್ತಕ ಬರೆಯುವವಳು.

"ದುಂಡವ್ವಾ, ಅತ್ತಿಯವರು ನಿಮಗ ಅಂಬಲಿ, ಹಳೇ ಸೀರಿ ಕೊಡ್ತಿದ್ರಲ್ಲ, ಅದನ್ನ ಹಾಡ್ರಿ. ಹೆಣ್ಣಮಕ್ಕಳ ಹಾಡಿನ ಪುಸ್ತಕ ಮಾಡ್ಲಿಕ್ಕತ್ತೀನಿ. ನಿಮ್ಮ ದನಿ ಉಳೀತದ."

"ಉಳದು ಯಾರ ಹೆಸರಿಲೆ ಉಳೀತೈತಿ, ಕೇಳು" ಎಂದು ನಾನು ದುಂಡವ್ವನ ಕಿವಿಯಲ್ಲಿ ಅಂದೆ.

ಕಳೆ ತೆಗೆಯುವಾಗ ನಾವು ಹಾಡುವ ಪದಗಳನ್ನು ಇದೇ ಐಶ್ವರ್ಯ ಬರೆದುಕೊಂಡು ಹೋಗಿ ಪುಸ್ತಕ ಮಾಡಿದ್ದಳು. ರಾತ್ರಿಶಾಲೆಯಲ್ಲಿ ಅಕ್ಷರ ಕಲಿತ ನಾನೇ ಅದನ್ನು ದುಂಡವ್ವನಿಗೆ ಓದಿ ಹೇಳಿದ್ದೆ. ಮೇಲೆ ಐಶ್ವರ್ಯಳ ಹೆಸರಿತ್ತು. ಹಾಡಿನ ಕೆಳಗೆ 'ಜಾನಪದ' ಎಂದಿತ್ತು.

"ಯಾವಾಕಿ ಬೇ ಆಕಿ ಜಾನಪದ? ಒಂದಿನಾನೂ ನಮ್ಮ ಕೂಡ ಕಸಾ ತಗಿಯಾಕ ಬಂದಿಲ್ಲಲ್ಲ!" ಎಂದು ದುಂಡವ್ವ ಆವತ್ತು ನಕ್ಕಿದ್ದಳು.

ಇವತ್ತು ನಗಲಿಲ್ಲ. ಶಾರದವ್ವನ ಕೊರಳಿನ ಮಾಲೆಯನ್ನೇ ನೋಡುತ್ತಿದ್ದಳು.

ಅವಳ ಮಗಳು ಮಲ್ಲಿಕಾ ಸಾಹುಕಾರನ ಹತ್ತಿ ಹೊಲದಲ್ಲಿ ಎಣ್ಣೆ ಹೊಡೆಯುವಾಗ ಬಿದ್ದು ಸತ್ತಿದ್ದಳು. ಎಣ್ಣೆ ಅಂದರೆ ಹುಳಕ್ಕೆ ಹೊಡೆಯುವ ವಿಷ. "ಹಾವು ಕಡೀತು ಅನ್ರಿ. ಬಾಯಿ ತಗದು ಅತ್ತರ ನಿಮ್ಮ ಓಣ್ಯಾಗಿನ ಒಬ್ಬರನ್ನೂ ಹೊಲಕ್ಕ ಕರಿಯೂದಿಲ್ಲ" ಎಂದಿದ್ದ ಸಂಗನಬಸವ. ದುಂಡವ್ವನ ಗಂಡ ಯಲ್ಲಪ್ಪ ಪೊಲೀಸರ ಮುಂದೆ ಹಾಗೇ ಹೇಳಿದ. ದುಂಡವ್ವ ಬಾಯಿಗೆ ಸೆರಗು ತುರುಕಿಕೊಂಡು ಮಗಳನ್ನು ಹುಗಿದು ಬಂದಳು.

ಹೆಣದ ಮುಂದೆ ಹಾಡ್ಯಾಡಿ ಅಳುವವಳ ಬಾಯಿಯನ್ನು ಯಾರೂ ಮುಚ್ಚಿಸುವಂತಿಲ್ಲ. ನಮ್ಮ ಕಡೆಯ ರೂಢಿ ಅದು.

ದುಂಡವ್ವ ದನಿ ತೆಗೆದಳು.

"ಯವ್ವಾ ಶಾರದವ್ವಾ, ಮಾಲಿ ಹಾಕ್ಕೊಂಡು ಕುಂತೀಯವ್ವಾ,
ನಿನಗ ಅಳಾಕ ಊರಿಗೆ ಊರೇ ಬಂದೈತವ್ವಾ..."

ಐಶ್ವರ್ಯ ಮೊಬೈಲನ್ನು ಇನ್ನಷ್ಟು ಹತ್ತಿರ ತಂದು ತಲೆಯಾಡಿಸಿದಳು.

"ನನ್ನ ಮಲ್ಲಿಕಾಗ ಅಳಾಕ ಹಡದಾಕಿಗೂ ಬಿಡಲಿಲ್ಲವ್ವಾ,
ನಿಮ್ಮ ಹತ್ತಿ ಹೊಲದಾಗ ನೊರಿ ಕಾರಿ ಬಿದ್ದಿದ್ಲವ್ವಾ,
ನಿನ್ನ ಮಗ ಹಾವು ಅಂದ, ನನ್ನ ಗಂಡ ಹೌದು ಅಂದ,
ಯಾವ ಹಾವಿಗೆ ಎಣ್ಣಿ ನಾತ ಹೊಡಿತೈತವ್ವಾ..."

ನವಲಗುಂದದಿಂದ ಬಂದಿದ್ದ ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಐಶ್ವರ್ಯಳ ಮೊಬೈಲು ಸೆರಗಿನೊಳಗೆ ಹೋಯಿತು. ಬಂದ್ ಮಾಡಿದಳೋ, ಅಲ್ಲೇ ಇಟ್ಟುಕೊಂಡು ದನಿ ತುಂಬಿಕೊಳ್ಳುತ್ತಿದ್ದಳೋ, ನನಗೆ ಕಾಣಲಿಲ್ಲ.

"ಏ ಬೋಸುಡಿ, ಯಾರ ಹೆಣದ ಮುಂದ ಯಾರಿಗೆ ಅಳಾಕತ್ತೀ?" ಸಂಗನಬಸವನ ಗಂಟಲ ನರ ಉಬ್ಬಿತ್ತು. "ಎತ್ರಲೇ ವಿಮಾನ! ಯಲ್ಲ್ಯಾ, ಬಾರಸಲೇ ಹಲಗಿ! ಆ ರಂಡಿ ದನಿ ಯಾರಿಗೂ ಕೇಳಬಾರದು!"

ವಿಮಾನ ಹೆಗಲಿಗೇರಿತು. ಯಲ್ಲಪ್ಪ ಹಲಗೆಯ ಕೋಲು ಎತ್ತಿದ. ನಾನು ಅವನನ್ನೂ ನಂಬಲಿಲ್ಲ. ಒಮ್ಮೆ ಹೌದೆಂದ ಬಾಯಿ ಅದು. ದುಂಡವ್ವ ಅವನ ಕಡೆ ತಿರುಗಲೂ ಇಲ್ಲ, ಮಗಳ ಕೈಕಾಲು ಸೆಟೆದದ್ದನ್ನು ಹಾಡುತ್ತಿದ್ದಳು.

ಯಲ್ಲಪ್ಪ ಹಲಗೆಯನ್ನು ಕೊರಳಿಂದ ತೆಗೆದು ನೆಲದ ಮೇಲೆ ಮಗುಚಿ ಇಟ್ಟ.

"ಬಾರಸೂದಿಲ್ರಿ. ಆಕೀದು ಇನ್ನೂ ಮುಗದಿಲ್ಲ."

ಉಳಿದ ಹಲಗೆಯವರೂ ಕೋಲು ಎತ್ತಲಿಲ್ಲ. ಹಲಗೆಯಿಲ್ಲದೆ ಹೆಣ ಮನೆ ಬಿಡುವುದಿಲ್ಲ. ಹೊತ್ತವರು ಮುಂದೆ ಹೋಗಲಾರದೆ, ಇಳಿಸಲಾರದೆ ನಿಂತರು. ಅವರ ಹೆಗಲ ಮೇಲೆ ಶಾರದವ್ವ ನಿಧಾನಕ್ಕೆ ಒಂದು ಬಾಜು ವಾಲತೊಡಗಿದಳು.